ಕಲ್ಲು ಎಬ್ಬಿಸಿದವರ ಮಾತೆಲ್ಲಿ?

ಬೇಲೂರಿನ ಮೇಲೆ ಬರೆದದ್ದನ್ನೆಲ್ಲ ಓದಿ ನಮಗೆ ಸಾಕಾಗಿದೆ. ಎಲ್ಲೆಲ್ಲೂ ಅದೇ ರಾಗ: ಕಲ್ಲು ಹೂವಾಯಿತು, ಶಿಲೆ ಕಾವ್ಯವಾಯಿತು. 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಸಿನಿಮಾ ಬಂದು ಈ ರಾಗಕ್ಕೆ ಬಣ್ಣವನ್ನೂ ಬಳಿಯಿತು. ಒಬ್ಬ ಮಹಾಪ್ರತಿಭೆ, ಒಂದು ಉಳಿ. ಮುಗೀತು.

ಕಲ್ಲನ್ನೇ ಕೇಳಿ ನೋಡೋಣ. ಬೇಲೂರಿನದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಮದನಿಕೆಯ ಬಳೆ ಅಷ್ಟು ನಯವಾಗಿ ಬಂದದ್ದರಲ್ಲಿ ಕಲ್ಲಿನ ಪಾಲೂ ಇದೆ. ಪ್ರತಿಭೆಯಾದರೂ ಒಬ್ಬನದಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮದನಿಕೆಗಳ ಕೆಳಗೆ ಹೆಸರು ಕೆತ್ತಿದ್ದಾರೆ. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಸಂತೋಷ. ಆ ಕಲ್ಲನ್ನು ನೆಲದಿಂದ ಎಬ್ಬಿಸಿದವರು, ಹೊತ್ತು ತಂದವರು? ಸಹಿಯ ಸಾಲು ಅವರವರೆಗೆ ಬರೋದೇ ಇಲ್ಲ.

ಎಬ್ಬಿಸೋದು ಬರೀ ತೋಳ್ಬಲ ಅಂತೀರಾ? ಬೆಂಗಳೂರು ಕಡೆಯ ಬಂಡೆಗೆ ಬನ್ನಿ. ಇದು ಬಳಪವಲ್ಲ, ಸುಮಾರು 300 ಕೋಟಿ ವರ್ಷದ ಗಟ್ಟಿ ಕಲ್ಲು. ಅದರ ಮೇಲೆ ಸೌದೆ ಉರಿ ಹಾಕಿ, ಉರಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸ್ತಿದ್ದರು. ಬಿಸಿಗೆ ಮೇಲಿನ ಪದರ ಹಿಗ್ಗಿ ಅಡಿಯಿಂದ ಬಿಡುತ್ತಿತ್ತು. ಎಲ್ಲೀವರೆಗೆ ಬಿಟ್ಟಿದೆ ಅಂತ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ತಿಳೀತಿದ್ದರು. ಸಿಡಿಮದ್ದಿಲ್ಲದೆ, ಕೆಲವೇ ಅಂಗುಲ ದಪ್ಪದ ಅಗಲವಾದ ಹಾಸು ಇಡಿಯಾಗಿ ಏಳುತ್ತಿತ್ತು. ವಾರ್ತ್ ಎಂಬ ಹೊರಗಿನವನು ಇದನ್ನು 1895ರಲ್ಲಿ 'ನೇಚರ್' ಪತ್ರಿಕೆಗೆ ಬರೆದ. ನಮ್ಮ ರಸಿಕರಿಗೆ ಇದು ಕೂಲಿ ಕೆಲಸ. ಶಿಲೆಯ ಲಯ ಅಂತ ಪುಟಗಟ್ಟಲೆ ಬರೆಯುವವರು ಆ ಸುತ್ತಿಗೆಯ ಸದ್ದಿಗೆ ಕಿವಿ ಕೊಡಲಿಲ್ಲ.

1956ರಲ್ಲಿ ಮುಗಿದ ವಿಧಾನಸೌಧದ ಹೊಗಳಿಕೆಯೂ ಹೀಗೇ. ಅದು ಕೆಂಗಲ್ ಹನುಮಂತಯ್ಯನವರ ಕನಸು ಅಂತಾರೆ. ಒಪ್ಪಿದೆವು. ಆದರೆ ಕನಸು ಕಲ್ಲು ಕಡಿಯಲ್ಲ. ಗ್ರಾನೈಟಿಗೆ ಗಟ್ಟಿತನ ಕೊಡುವ ಬೆಣಚುಕಲ್ಲಿನ ಅಂಶವೇ ಕಡಿಯುವಾಗ ದೂಳಾಗಿ ಎದೆಗೂಡು ಸೇರುತ್ತೆ. ಡಾಕ್ಟರು ಅದನ್ನು ಸಿಲಿಕೋಸಿಸ್ ಅಂತಾರೆ. ಶ್ವಾಸಕೋಶ ಗಡಸಾಗುತ್ತೆ, ವಾಸಿಯಾಗಲ್ಲ. ಕಟ್ಟಡವನ್ನು ಬಾಳಿಸುವ ಗುಣವೇ ಕಡಿಯುವವನ ಬಾಳನ್ನು ತಿನ್ನುತ್ತೆ. ಇದನ್ನು ಬಿಟ್ಟು ಬರೆದ ಸೌಂದರ್ಯವಿಮರ್ಶೆ ಅರ್ಧ ಸುಳ್ಳು.

ಶಿಲ್ಪದ ವಿಮರ್ಶೆ ಬಂಡೆಯ ಮೇಲಿಂದ ಶುರುವಾಗಲಿ. ಕಲ್ಲಿನ ಪದರಕ್ಕೆ, ಸೀಳಿಗೆ, ಸದ್ದಿಗೆ ವಡ್ಡರ ಹಟ್ಟಿಗಳಲ್ಲಿರುವ ಮಾತುಗಳನ್ನು ಮೊದಲು ಕೇಳಿ ಬರೆದುಕೊಳ್ಳೋಣ. ಮದನಿಕೆಯ ಬಳೆಯನ್ನು ಆಮೇಲೆ ನೋಡೋಣ.