ಮ್ಯಾಗ್ನರೈಡ್: ಹೊಗಳಿಕೆ ಯಾವುದಕ್ಕೆ ಸಲ್ಲಬೇಕು?

2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್ ಕಾರಿನೊಂದಿಗೆ ಬಂದ ಮ್ಯಾಗ್ನರೈಡ್ ಸಸ್ಪೆನ್ಷನ್ ಇಂದಿಗೂ ಹೊಗಳಿಕೆ ಗಳಿಸುತ್ತಲೇ ಇದೆ. ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದು ಸುಖಪ್ರಯಾಣದ ಲೆಕ್ಕಕ್ಕೆ ಹೋಗುತ್ತಿರುವುದಕ್ಕೆ ನನ್ನ ತಕರಾರಿದೆ.

ಮಾಮೂಲಿ ಶಾಕ್ ಅಬ್ಸಾರ್ಬರ್‌ನಲ್ಲಿ, ಅಂದರೆ ಡ್ಯಾಂಪರ್‌ನಲ್ಲಿ, ಎಣ್ಣೆ ವಾಲ್ವುಗಳ ಮೂಲಕ ನುಸುಳುತ್ತದೆ. ಅವು ಎಷ್ಟು ಬಿಗಿ ಇರಬೇಕೆಂಬುದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಮೆತ್ತಗಿದ್ದರೆ ತಿರುವಿನಲ್ಲಿ ಕಾರು ವಾಲುತ್ತದೆ, ಬಿಗಿಯಾದರೆ ಸೊಂಟಕ್ಕೆ ಪೆಟ್ಟು. ಮ್ಯಾಗ್ನರೈಡ್ ರೂಪಿಸಿದ ಡೆಲ್ಫಿ ಕಂಪನಿಯ ಎಂಜಿನಿಯರುಗಳು ಆ ವಾಲ್ವುಗಳನ್ನೇ ಕೈಬಿಟ್ಟರು. ಇಲ್ಲಿ ಎಣ್ಣೆಯ ತುಂಬ ಕೆಲವೇ ಮೈಕ್ರಾನ್ ಗಾತ್ರದ ಕಬ್ಬಿಣದ ಕಣಗಳು, ಪಿಸ್ಟನ್ನಿನೊಳಗೆ ತಂತಿಯ ಸುರುಳಿ. ಸುರುಳಿಗೆ ಕರೆಂಟ್ ಹರಿದೊಡನೆ ಕಾಂತಕ್ಷೇತ್ರ ಹುಟ್ಟಿ, ಕಿರಿದಾದ ಸಂದಿಯಲ್ಲಿ ಕಣಗಳು ಸರಪಳಿ ಕಟ್ಟಿ ಎಣ್ಣೆಯನ್ನು ತಡೆಯುತ್ತವೆ. ಕರೆಂಟ್ ನಿಂತರೆ ಸರಪಳಿ ಕಳಚುತ್ತದೆ. ಈ ಹೊಂದಾಣಿಕೆ ಸೆಕೆಂಡಿಗೆ 1000 ಬಾರಿಯವರೆಗೆ ನಡೆಯಬಲ್ಲದು. ಇಂಥ ದ್ರವವನ್ನು ಜೇಕಬ್ ರಾಬಿನೋ ಅಮೆರಿಕದಲ್ಲಿ 1940ರ ದಶಕದಲ್ಲೇ ಸಿದ್ಧಪಡಿಸಿದ್ದರು, ಕ್ಲಚ್‌ಗಾಗಿ. ಅದು ಕಾರಿನ ಸಸ್ಪೆನ್ಷನ್ನಿಗೆ ಇಳಿಯಲು ಅರ್ಧ ಶತಮಾನ ಬೇಕಾಯಿತು.

ಇದರ ನಿಜವಾದ ಗೆಲುವು ಕಾರಿನ ಮೈಯನ್ನು ಹತೋಟಿಯಲ್ಲಿಡುವುದರಲ್ಲಿದೆ. ಜೋರಾಗಿ ಬ್ರೇಕ್ ಹಾಕಿದಾಗ ಮೂತಿ ನೆಲಕ್ಕೆ ಬಾಗುವ ಮೊದಲೇ ಮುಂದಿನ ಡ್ಯಾಂಪರ್‌ಗಳು ಬಿಗಿಯಾಗುತ್ತವೆ, ಬ್ರೇಕ್ ಬಿಟ್ಟೊಡನೆ ಸಡಿಲಗೊಳ್ಳುತ್ತವೆ. ಕಾರ್ವೆಟ್, ಫೆರಾರಿ 599ರಂಥ ಕಾರುಗಳು ಇದನ್ನು ಒಪ್ಪಿಕೊಂಡದ್ದು ಸುಮ್ಮನೆ ಅಲ್ಲ. ಮುಂದೆ ಒಂದರ ಬದಲು ಎರಡು ಸುರುಳಿ ಬಂದ ಮೇಲಂತೂ, ಕರೆಂಟ್ ತೆಗೆದರೂ ಕ್ಷಣಕಾಲ ಉಳಿಯುತ್ತಿದ್ದ ಬಿಗಿತ ಬೇಗ ಇಳಿಯತೊಡಗಿತು. ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯಂತ ಚೆಂದದ ಸುಧಾರಣೆ ಅದು.

ಗುಂಡಿಯ ಮಾತು ಬೇರೆ. ಈ ಡ್ಯಾಂಪರ್ ಚಲನೆಯನ್ನು ತಡೆಯಬಲ್ಲದೇ ಹೊರತು ಚಕ್ರವನ್ನು ಎತ್ತಲಾರದು. ಸ್ಪ್ರಿಂಗು ಹಳೆಯದೇ, ಟೈರೂ ಅಷ್ಟೇ. ತೆಳ್ಳನೆಯ ಅಂಚಿನ ಟೈರು ಚೂಪಾದ ಗುಂಡಿಗೆ ಬಿದ್ದಾಗ ಬರುವ ಹೊಡೆತವನ್ನು ಯಾವ ಕಾಂತಕ್ಷೇತ್ರವೂ ನುಂಗಲಾರದು. ವಿದ್ಯುತ್ ಸಂಪರ್ಕ ಕೆಟ್ಟರಂತೂ ಡ್ಯಾಂಪರ್ ತನ್ನ ಅತಿ ಮೆತ್ತನೆಯ ಸ್ಥಿತಿಗೆ ಇಳಿಯುತ್ತದೆ, ವೇಗದಲ್ಲಿರುವ ಕಾರಿಗೆ ಬೇಡವಾದದ್ದೇ ಅದು. ಕಬ್ಬಿಣದ ಕಣಗಳದು ಉಜ್ಜುವ ಗುಣ, ಹಾಗಾಗಿ ಸೀಲು ತಾಳಿಕೆ ಬರುವಂತೆ ಮಾಡುವುದೇ ಕಷ್ಟ. ಎಣ್ಣೆ ಸೋರಿದರೆ ಸಾಮಾನ್ಯವಾಗಿ ಇಡೀ ಡ್ಯಾಂಪರನ್ನೇ ಬದಲಿಸಬೇಕು, ಅದರ ಬೆಲೆ ಮಾಮೂಲಿ ಶಾಕ್ ಅಬ್ಸಾರ್ಬರ್‌ನ ಹಲವು ಪಟ್ಟು.

ವೇಗದ ಕಾರಿಗೆ ಇದಕ್ಕಿಂತ ಒಳ್ಳೆಯ ಡ್ಯಾಂಪರ್ ಸಿಗುವುದು ಕಷ್ಟ. ಬರೀ ಮೆತ್ತನೆಯ ಸವಾರಿ ಬೇಕೆನ್ನುವವರು ದಪ್ಪ ಟೈರಿನ ಕಾರು ಕೊಳ್ಳಲಿ. ಇದಿರುವ ಹಳೆಯ ಕಾರನ್ನು ನೋಡಲು ಹೋಗುವವರು ದರ ಮಾತಾಡುವ ಮೊದಲು ನಾಲ್ಕೂ ಚಕ್ರಗಳ ಹಿಂದೆ ಎಣ್ಣೆಯ ಜಿಡ್ಡಿದೆಯೇ ಎಂದು ಬಗ್ಗಿ ನೋಡಿಕೊಳ್ಳಿ.