ಗೊನೆ ನಮ್ಮದು, ಅಂದಾಜು ಅವರದು

ಆಫೀಸಿನಲ್ಲಿ ನನ್ನ ಕೆಲಸವೇ ಫೋರ್‌ಕಾಸ್ಟ್ ಮಾಡೋದು. ಮುಂದಿನ ಮೂರು ತಿಂಗಳಲ್ಲಿ ಎಷ್ಟು ಮಾಲು ಹೋಗುತ್ತೆ ಅಂತ ಎಕ್ಸೆಲ್ ಶೀಟಿನಲ್ಲಿ ಹೇಳ್ತೀನಿ. ಆದರೆ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಈ ಸಲ ಅಡಿಕೆ ಎಷ್ಟಾಗುತ್ತೆ? ನನಗೆ ಗೊತ್ತಿಲ್ಲ. ಅಪ್ಪಯ್ಯನಿಗೂ ಗೊತ್ತಿಲ್ಲ. ಗೊತ್ತಿರೋದು ಮರದ ಮೇಲಿನ ಫಸಲನ್ನೇ ಕೊಳ್ಳುವ ಚೇಣಿಯವರಿಗೆ.

ಮಳೆಗಾಲದಲ್ಲಿ ಬರ್ತಾರೆ. ಕತ್ತೆತ್ತಿಕೊಂಡು ಸಾಲು ಸಾಲು ತಿರುಗಿ, ಇಡೀ ತೋಟಕ್ಕೆ ಒಂದು ಮೊತ್ತ ಹೇಳ್ತಾರೆ. ಅಪ್ಪಯ್ಯ ಸ್ವಲ್ಪ ಚೌಕಾಸಿ ಮಾಡಿ ಒಪ್ಪುತ್ತಾರೆ. 'ಅವ್ರ ಕಣ್ಣು ಅಂದ್ರೆ ತಕ್ಕಡಿ' ಅನ್ನೋ ಮೆಚ್ಚುಗೆ ಬೇರೆ! ಇರಬಹುದು. ಆದರೆ ಆ ತಕ್ಕಡಿ ಕೊಳ್ಳುವವರದು ಅಲ್ವಾ?

ನೀವು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿನ್ನುವ ಕ್ಯಾಲಿಫೋರ್ನಿಯಾ ಬಾದಾಮಿಯ ಲೆಕ್ಕ ನೋಡಿ. 2025ರ ಮೇ ತಿಂಗಳಲ್ಲಿ ಅಲ್ಲಿನ ಕೃಷಿ ಇಲಾಖೆ ಬೆಳೆಗಾರರನ್ನೇ ಕೇಳಿ 280 ಕೋಟಿ ಪೌಂಡ್ ಎಂದಿತು. ಜುಲೈ ಅಂದಾಜಿಗೆ ತೋಟಗಳಿಗೇ ಹೋಗಿ, ಚೀಟಿ ಎತ್ತಿದ ಹಾಗೆ ಮರ ಆರಿಸಿ, ಕೊಂಬೆಯ ಕಾಯಿ ಎಣಿಸಿದರು. ಅಂಕಿ 300 ಕೋಟಿಗೆ ಏರಿತು. ಇಂಥ ಅಂದಾಜು ತಪ್ಪಲೂಬಹುದು. ಆದರೆ ಬೆಳೆದವನೂ ಕೊಳ್ಳುವವನೂ ಅದನ್ನು ಒಂದೇ ದಿನ ಓದುತ್ತಾರೆ.

ನಮ್ಮಲ್ಲೂ ಸರ್ಕಾರಿ ಅಂದಾಜುಗಳಿವೆ, ರಾಜ್ಯಕ್ಕಿಷ್ಟು, ದೇಶಕ್ಕಿಷ್ಟು ಅಂತ. ಅದನ್ನಿಟ್ಟುಕೊಂಡು ಎರಡೆಕರೆ ತೋಟದ ಚೌಕಾಸಿ ಮಾಡೋಕಾಗಲ್ಲ.

'ಕೊಳೆ ಬಂತು ಅಂದ್ರೆ ಎಲ್ಲಾ ಉದುರ್ತದೆ. ಎಣ್ಸಿ ಎಂತ ಮಾಡ್ತೀಯ ಮಾರಾಯ?' ಅಂತಾರೆ ಅಪ್ಪಯ್ಯ. ಮಾತು ಸುಳ್ಳಲ್ಲ. ಮಳೆ ಬಿಡುವು ಕೊಡದೆ ಬೋರ್ಡೋ ಹೊಡೆಯೋಕಾಗದಿದ್ದರೆ ಕೊಳೆರೋಗ ಯಾರ ಲೆಕ್ಕವನ್ನೂ ಕೇಳಲ್ಲ. ಆದರೆ ಚೇಣಿಯವರು ಆ ಭಯಕ್ಕೆ ಮೊದಲೇ ಒಂದಿಷ್ಟು ಮುರಿದುಕೊಂಡೇ ಬೆಲೆ ಹೇಳೋದು. ಎಷ್ಟು ಮುರಿದರು ಅಂತ ತಿಳಿಯೋಕಾದರೂ ನಮ್ಮದೊಂದು ಲೆಕ್ಕ ಬೇಡವಾ?

ಹೋದ ಸಲ ಊರಿಗೆ ಹೋದಾಗ ಹತ್ತು ಮರಕ್ಕೊಂದರಂತೆ ಗೊನೆ ಎಣಿಸಿದೆ. ಸರಾಸರಿ ತೆಗೆದು, ಒಟ್ಟು ಮರಗಳಿಗೆ ಗುಣಿಸಿ, ಗೊನೆಯ ತೂಕಕ್ಕೆ ಅಪ್ಪಯ್ಯನ ಅನುಭವವನ್ನೇ ನಂಬಿ ಒಂದು ಅಂಕಿ ಬರೆದುಕೊಟ್ಟೆ. ಕೆಲಸ ಮುಗಿಸೋಕೆ ಒಂದು ವೀಕೆಂಡ್ ಸಾಕಾಯ್ತು, ಕುತ್ತಿಗೆ ನೋವು ಮಾತ್ರ ವಾರವಿಡೀ ಇತ್ತು. ಅಪ್ಪಯ್ಯ ಚೀಟಿ ನೋಡಿ ನಕ್ಕರು.

ಚೇಣಿಯವರು ಬಂದ ದಿನ ಅಮ್ಮ ಫೋನ್ ಮಾಡಿದ್ಲು. ಚೀಟಿ ಅಪ್ಪಯ್ಯನ ಜೇಬಿನಲ್ಲೇ ಇತ್ತಂತೆ. ಮೊದಲ ಸಲ, ಅವರು ಹೇಳೋ ಮೊದಲೇ ಇವರು ಮೊತ್ತ ಹೇಳಿದರಂತೆ.