ಇಫ್‌ಕಾನ್ಫಿಗ್ ಮತ್ತು ಐಪಿ: ಒಂದು ಹೋಲಿಕೆ

ಊರು ಬಿಟ್ಟು ಬಂದ ನಮ್ಮಂಥವರಿಗೆ ವಿಳಾಸದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಗವಾದಾಗಲೆಲ್ಲ ಹೊಸ ವಿಳಾಸವನ್ನು ಹತ್ತು ಕಡೆ ಬರೆದು ತಿಳಿಸಿದವರು ನಾವು. ಕಂಪ್ಯೂಟರಿಗೂ ಜಾಲದಲ್ಲಿ ಒಂದು ವಿಳಾಸ ಬೇಕು. ಲಿನಕ್ಸ್ ಯಂತ್ರಕ್ಕೆ ಅದನ್ನು ಬೆರಳಚ್ಚಿಸಿ ಕೊಡಲು ಎರಡು ಆಜ್ಞೆಗಳಿವೆ: ಇಫ್‌ಕಾನ್ಫಿಗ್ ಮತ್ತು ಐಪಿ. ಇವುಗಳ ಗುಣದೋಷಗಳನ್ನು ಇಲ್ಲಿ ತೂಗಿ ನೋಡಿದ್ದೇವೆ.

ಇಫ್‌ಕಾನ್ಫಿಗ್ ಹಿರಿಯದು, 1983ರಲ್ಲಿ ಬರ್ಕ್ಲಿಯ ಯೂನಿಕ್ಸಿನೊಡನೆ ಬಂದದ್ದು. ಜಾಲದ ಕಾರ್ಡಿನ ಹೆಸರು, ಅದರ ಮುಂದೆ ವಿಳಾಸ, ಅಷ್ಟೇ. ಈ ಸರಳತೆಯನ್ನು ಮೆಚ್ಚಲೇಬೇಕು. ಆದರೆ ತೊಡಕೂ ಇಲ್ಲೇ ಇದೆ. ವಿಳಾಸದ ಜೊತೆಗೆ ನೆಟ್‌ಮಾಸ್ಕನ್ನೂ ಹೇಳಬೇಕು. ಯಾವ ಮನೆಗಳು ನಮ್ಮ ಬೀದಿಯವು, ಯಾವುವಕ್ಕೆ ಅಂಚೆಯ ಮೂಲಕ ಕಾಗದ ಕಳಿಸಬೇಕು ಎಂಬುದನ್ನು ತಿಳಿಸುವುದು ಅದೇ. ನಾವು ಮರೆತರೆ ಇಫ್‌ಕಾನ್ಫಿಗ್ ಕೇಳುವುದಿಲ್ಲ, ತಾನೇ ಊಹಿಸಿಬಿಡುತ್ತದೆ. ಅದೂ 1993ರಲ್ಲೇ ಅಂತರ್ಜಾಲ ಕೈಬಿಟ್ಟ ಎ, ಬಿ, ಸಿ ಎಂಬ ವಿಂಗಡಣೆಯಂತೆ!

ಒಮ್ಮೆ ಕಚೇರಿಯಲ್ಲಿ ಒಂದು ಯಂತ್ರಕ್ಕೆ 10.1.4.7 ಎಂದಷ್ಟೇ ಕೊಟ್ಟೆವು. ಹತ್ತರಿಂದ ಆರಂಭವಾಗುವ 1 ಕೋಟಿ 67 ಲಕ್ಷಕ್ಕೂ ಮಿಕ್ಕ ವಿಳಾಸಗಳೆಲ್ಲ ತನ್ನ ಬೀದಿಯವೇ ಎಂದು ಅದು ನಂಬಿತು. ಪಕ್ಕದ ಮೇಜಿನ ಯಂತ್ರ ಓಗೊಟ್ಟಿತು, 10.9ರಿಂದ ಆರಂಭವಾಗುವ ಪರಊರಿನ ಶಾಖೆ ಓಗೊಡಲಿಲ್ಲ. ಗೇಟ್‌ವೇಗೆ ಒಪ್ಪಿಸಬೇಕಾದ ಕಾಗದ ಹಿಡಿದು ಯಂತ್ರ ತನ್ನ ಬೀದಿಯಲ್ಲೇ ಕೂಗಿ ಹುಡುಕುತ್ತಿತ್ತು. ತಂತಿಗಳನ್ನೆಲ್ಲ ಬದಲಿಸಿ ಅರ್ಧ ದಿನ ಕಳೆದ ಮೇಲೆ ತಪ್ಪು ನಮ್ಮದೆಂದು ತಿಳಿಯಿತು.

ಐಪಿ ಆಜ್ಞೆಯನ್ನು 1990ರ ದಶಕದ ಕೊನೆಯಲ್ಲಿ ಬರೆದವರು ಅಲೆಕ್ಸಿ ಕುಜ್ನೆಟ್ಸೋವ್. ಮಾಸ್ಕ್ ಹೇಳದಿದ್ದರೆ ಇದು ವಿಳಾಸಕ್ಕೆ /32 ಹಚ್ಚುತ್ತದೆ; ಅಂದರೆ ಬೀದಿಯಲ್ಲಿ ತನ್ನದೊಂದೇ ಮನೆ. ಆಗ ಪಕ್ಕದ ಮೇಜೂ ಸಿಗುವುದಿಲ್ಲ, ತಪ್ಪು ಹೊಸ್ತಿಲಲ್ಲೇ ಸಿಕ್ಕಿಬೀಳುತ್ತದೆ. ಐಪಿಯಿಂದ ಕಾರ್ಡಿಗೆ ಎರಡನೆಯ ವಿಳಾಸ ಸೇರಿಸಿದರೆ ಇಫ್‌ಕಾನ್ಫಿಗ್ ಸಾಮಾನ್ಯವಾಗಿ ಅದನ್ನು ತೋರಿಸುವುದೂ ಇಲ್ಲ.

ಐಪಿಗೂ ಕುಂದುಗಳಿವೆ. ಅದರ ಉತ್ತರ ಓದಲು ಒತ್ತೊತ್ತು. ಕೈಪಿಡಿ ಹಲವು ಪುಟಗಳಲ್ಲಿ ಚದುರಿದೆ. ಎರಡೂ ಆಜ್ಞೆಗಳು ಬರೆಯುವುದು ಪೆನ್ಸಿಲಿನಲ್ಲೇ: ಯಂತ್ರ ಆರಿಸಿ ಹಚ್ಚಿದರೆ ವಿಳಾಸ ಅಳಿಸಿಹೋಗುತ್ತದೆ. ಖಾಯಂ ಮಾಡಲು ಬೇರೆ ಕಡತದಲ್ಲಿ ಬರೆದಿಡಬೇಕು.

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳಲ್ಲಿ ಇಫ್‌ಕಾನ್ಫಿಗ್ ಇಂದಿಗೂ ಯಜಮಾನ. ಲಿನಕ್ಸಿನಲ್ಲಿ ಹಾಗಿಲ್ಲ; 2017ರ ಡೆಬಿಯನ್ 9 ಅದನ್ನು ಮೂಲ ಸ್ಥಾಪನೆಯಿಂದಲೇ ಬಿಟ್ಟಿತು. ಲಿನಕ್ಸ್ ಕಲಿಯಹೊರಟ ನಮ್ಮ ಮಕ್ಕಳು ಮೊದಲು ಐಪಿಯನ್ನೇ ಕಲಿಯಲಿ ಎಂಬುದು ನಮ್ಮ ಅಭಿಪ್ರಾಯ. ಬಿಟ್ಟದ್ದನ್ನು ತಾನೇ ತುಂಬಿಕೊಳ್ಳುವ ಗುಮಾಸ್ತನಿಗಿಂತ ಅರ್ಜಿಯನ್ನು ಹಿಂದಕ್ಕೆ ಕೊಡುವ ಗುಮಾಸ್ತನೇ ವಾಸಿ. ಇದು ಅನುಭವದ ಮಾತು.